ಬೀರಗಂಜ್‌ಗೆ ಬಂದ ಪೆಟ್ಟಿಗೆ: ಭಾರತ–ನೇಪಾಳ ಕಂಟೇನರ್ ಆಮದು ವೆಚ್ಚದ ಹೋಲಿಕೆ ಕುರಿತು ಒಂದು ಭಿನ್ನಮತ

ಕಡಲತೀರವಿಲ್ಲದ ದೇಶಕ್ಕೆ ಕಂಟೇನರ್ ತರಿಸುವುದು ದುಬಾರಿ ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿಲ್ಲ. ನುನೋ ಲಿಮಾವೊ ಮತ್ತು ಆಂಟನಿ ವೆನಬಲ್ಸ್ 2001ರ ತಮ್ಮ ಪ್ರಬಂಧದಲ್ಲಿ, ಬಾಲ್ಟಿಮೋರ್‌ನಿಂದ ಹಲವು ದೇಶಗಳಿಗೆ 40 ಅಡಿಯ ಕಂಟೇನರ್ ಕಳಿಸುವ ದರಗಳನ್ನು ಹೋಲಿಸಿದರು. ಕಡಲಿನಲ್ಲಿ ಹೆಚ್ಚುವರಿ 1,000 ಕಿ.ಮೀ.ಗೆ ಸುಮಾರು 190 ಡಾಲರ್, ನೆಲದ ಮೇಲೆ ಅಷ್ಟೇ ದೂರಕ್ಕೆ 1,380 ಡಾಲರ್ ಎಂಬುದು ಅವರ ಅಂದಾಜು. ರಸ್ತೆ, ರೈಲುಗಳ ಸ್ಥಿತಿಗೂ ಅವರು ದೊಡ್ಡ ಪಾಲು ಕೊಟ್ಟಿದ್ದರು. ಆಮೇಲೆ ಅರ್ವಿಸ್, ರಾಬಲಾಂ ಮತ್ತು ಮಾರ್ಟೊ ಅವರು ದೂರಕ್ಕಿಂತಲೂ ಸಾಗಣೆಯ ಅನಿಶ್ಚಿತತೆಯೇ ಹೆಚ್ಚು ಕಾಡುತ್ತದೆ ಎಂದು ವಾದಿಸಿದರು. ಇಷ್ಟು ಸರ್ವವಿದಿತ.

ನನ್ನ ತಕರಾರು ಇರುವುದು ಭಾರತ ಮತ್ತು ನೇಪಾಳಗಳನ್ನು ಅಕ್ಕಪಕ್ಕ ಇಟ್ಟು, ನಡುವಿನ ಅಂತರವನ್ನೆಲ್ಲ ದೂರದ ಲೆಕ್ಕಕ್ಕೆ ಬರೆಯುವ ಓದಿನ ಬಗ್ಗೆ. ಈ ಓದಿಗೆ ಆಧಾರ ವಿಶ್ವಬ್ಯಾಂಕಿನ ಡೂಯಿಂಗ್ ಬಿಸಿನೆಸ್ ವರದಿಗಳಲ್ಲಿದ್ದ ‘ಒಂದು ಕಂಟೇನರ್ ಆಮದಿನ ವೆಚ್ಚ’ ಎಂಬ ಅಂಕಣ. ಅದು 20 ಅಡಿಯ ತುಂಬಿದ ಕಂಟೇನರ್ ಒಂದಕ್ಕೆ ದಾಖಲೆಪತ್ರ, ಕಸ್ಟಮ್ಸ್, ಏಜೆಂಟರ ಶುಲ್ಕ, ಬಂದರಿನ ನಿರ್ವಹಣೆ, ಒಳನಾಡು ಸಾಗಣೆ ಇವುಗಳನ್ನು ಕೂಡಿಸುತ್ತಿತ್ತು. ಸುಂಕವನ್ನೂ ಹಡಗಿನ ಬಾಡಿಗೆಯನ್ನೂ ಬಿಡುತ್ತಿತ್ತು. ಅಧಿಕೃತ ಪಾವತಿಗಳಷ್ಟೇ ಅದರ ಲೆಕ್ಕಕ್ಕೆ ಬರುತ್ತಿದ್ದವು. 2015ರ ಆವೃತ್ತಿಯಲ್ಲಿ ದೆಹಲಿ ಸೇರುವವರೆಗೆ ಭಾರತವನ್ನು ಪ್ರತಿನಿಧಿಸಿದ ನಗರ ಮುಂಬಯಿ ಒಂದೇ, ನೇಪಾಳದ್ದು ಕಾಠ್ಮಂಡು. ಬಂದರನ್ನು ಮಗ್ಗುಲಲ್ಲೇ ಇಟ್ಟುಕೊಂಡ ನಗರವನ್ನು ಗುಡ್ಡಗಳ ನಡುವಿನ ನಗರದೊಂದಿಗೆ ತೂಗಿದರೆ ದೂರವೇ ಎದ್ದು ಕಾಣುವುದು ಸಹಜ.

ಮುಂಬಯಿಯ ಜಾಗದಲ್ಲಿ ದೆಹಲಿಯನ್ನು ಇಟ್ಟು ನೋಡೋಣ. ಮುಂಬಯಿ ಬಳಿಯ ನವಾ ಶೇವಾ ಬಂದರಿನಿಂದ ದೆಹಲಿಯ ತುಘಲಕಾಬಾದ್ ಒಳನಾಡು ಡಿಪೋಗೆ ರೈಲುಹಾದಿ ಸುಮಾರು 1,400 ಕಿ.ಮೀ. ಕೋಲ್ಕತಾದಿಂದ ಗಡಿಯ ರಕ್ಸೌಲ್ ದಾಟಿ ನೇಪಾಳದ ಬೀರಗಂಜ್ ಬಳಿಯ ಸಿರ್ಸಿಯಾ ಒಣಬಂದರಿಗೆ ಸುಮಾರು 700. ಕಡಲಿಗೆ ದೆಹಲಿಗಿಂತ ಬೀರಗಂಜೇ ಹತ್ತಿರ. ಹೀಗಿರುವಾಗ ದೆಹಲಿಯ ಆಮದುದಾರನಿಗಿಲ್ಲದ ಹೊರೆ ಬೀರಗಂಜ್‌ನವನಿಗೆ ಏಕೆ ಬೀಳುತ್ತದೆ?

ಉತ್ತರದ ಒಂದು ಭಾಗ ಕಂಟೇನರಿನ ಒಡೆತನದಲ್ಲಿದೆ ಎಂಬುದು ನನ್ನ ವಾದ. ಪೆಟ್ಟಿಗೆ ಸಾಮಾನ್ಯವಾಗಿ ಹಡಗು ಕಂಪನಿಯದು. ಉಚಿತ ದಿನಗಳು ಮುಗಿದ ಮೇಲೆ, ಅದು ಮರಳುವ ತನಕ ದಿನದಿನವೂ ಡಿಟೆನ್ಷನ್ ಶುಲ್ಕ ಏರುತ್ತದೆ. ದೆಹಲಿಯಲ್ಲಿ ಖಾಲಿಯಾದ ಪೆಟ್ಟಿಗೆಗೆ ಅಲ್ಲಿಯೇ ರಫ್ತಿನ ಸರಕು ಸಿಗಬಹುದು. ನೇಪಾಳದ ಆಮದು ಅದರ ರಫ್ತಿನ ಹಲವು ಪಟ್ಟು. ಅಲ್ಲಿ ಖಾಲಿಯಾದ ಪೆಟ್ಟಿಗೆಗಳಲ್ಲಿ ಬಹುಪಾಲು ಖಾಲಿಯಾಗಿಯೇ ಗಡಿ ದಾಟಿ ಹಿಂತಿರುಗಬೇಕು. ಆ ಪಯಣದ ಖರ್ಚೂ, ಅಷ್ಟು ದಿನ ಠೇವಣಿಯಾಗಿ ಸಿಕ್ಕಿಕೊಂಡ ಹಣದ ಬಡ್ಡಿಯೂ ಕಟ್ಟಕಡೆಗೆ ಬೀಳುವುದು ಆಮದುದಾರನ ತಲೆಯ ಮೇಲೆ. ವಿಶ್ವಬ್ಯಾಂಕಿನ ಮೇಲಿನ ಪಟ್ಟಿಯಲ್ಲಿ ಇವಕ್ಕೆ ಪ್ರತ್ಯೇಕ ಸ್ಥಾನವಿರಲಿಲ್ಲ.

ವಿಶಾಖಪಟ್ಟಣದ ಪ್ರಕರಣ ಇನ್ನೊಂದು ಸಾಕ್ಷ್ಯ. 2016ರಲ್ಲಿ ನೇಪಾಳದ ಸರಕಿಗೆ ಆ ಬಂದರನ್ನೂ ತೆರೆಯಲಾಯಿತು. ಬೀರಗಂಜ್‌ಗೆ ಅದು ಕೋಲ್ಕತಾಗಿಂತ ಸುಮಾರು ಎರಡು ಪಟ್ಟು ದೂರ. ಆದರೂ ನಂತರದ ವರ್ಷಗಳಲ್ಲಿ ಗಣನೀಯ ಪ್ರಮಾಣದ ಕಂಟೇನರ್‌ಗಳು ಅಲ್ಲಿಂದಲೇ ರೈಲೇರಿದವು. ಹೂಗ್ಲಿ ನದಿಯೊಳಗೆ 200 ಕಿ.ಮೀ.ಗೂ ಹೆಚ್ಚು ಒಳಗಿರುವ ಕೋಲ್ಕತಾಗೆ ದೊಡ್ಡ ಹಡಗು ಬರಲಾರದು. ಸಿಂಗಪುರದಲ್ಲೋ ಕೊಲಂಬೊದಲ್ಲೋ ಇಳಿಸಿದ ಪೆಟ್ಟಿಗೆ ಸಣ್ಣ ಫೀಡರ್ ಹಡಗಿಗಾಗಿ ಕಾಯಬೇಕು. ಹಡಗಿನ ಬಾಡಿಗೆಯನ್ನು ಬಿಟ್ಟ ಲೆಕ್ಕಕ್ಕೆ ಈ ಕಾಯುವಿಕೆಯೂ ಕಾಣುವುದಿಲ್ಲ. ದೂರವೇ ನಿರ್ಣಾಯಕವಾಗಿದ್ದರೆ ವಿಶಾಖಪಟ್ಟಣವನ್ನು ಆರಿಸಿಕೊಳ್ಳಲು ಕಾರಣವೇ ಇರುತ್ತಿರಲಿಲ್ಲ.

ಈ ಮಾತನ್ನು ಎಷ್ಟು ದೂರ ಎಳೆಯಬಹುದು ಎಂಬ ಬಗ್ಗೆ ನನಗೆ ಎಚ್ಚರವಿದೆ. ವಿಶಾಖಪಟ್ಟಣದ ಹಾದಿ ತೆರೆದ ಹೊತ್ತಿನ ಆಸುಪಾಸಿನಲ್ಲೇ ಎಲೆಕ್ಟ್ರಾನಿಕ್ ಮುದ್ರೆಯ ಮೂಲಕ ಸರಕಿನ ಜಾಡು ಹಿಡಿಯುವ ವ್ಯವಸ್ಥೆಯೂ ಬಂತು, ಗಡಿಯವರೆಗಿನ ಕಾಗದಪತ್ರದ ಕೆಲಸ ಹಗುರಾಯಿತು. ಹಾಗಾಗಿ ಬಂದರಿನ ಆಳದ ಫಲವೆಷ್ಟು, ಕಾರ್ಯವಿಧಾನದ ಫಲವೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಖಾಲಿ ಪೆಟ್ಟಿಗೆಯ ಹೊರೆಯಲ್ಲೂ ವ್ಯಾಪಾರದ ಅಸಮತೋಲನದ ಪಾಲು ಬೇರೆ, ಗಡಿಯ ಪಾಲು ಬೇರೆ. ರಫ್ತು ಕಡಿಮೆಯಿರುವ ಭಾರತದ ಒಳನಾಡು ಜಿಲ್ಲೆಗೂ ಮೊದಲನೆಯದು ತಟ್ಟೀತು. ಬೀರಗಂಜ್‌ನಿಂದ ಕಾಠ್ಮಂಡುವಿಗೆ ಗುಡ್ಡ ಹತ್ತುವ ಲಾರಿಯ ಖರ್ಚು ಮಾತ್ರ ಅಪ್ಪಟ ಭೂಗೋಳದ್ದೇ, ಅದನ್ನು ಅಲ್ಲಗಳೆಯುತ್ತಿಲ್ಲ. ದೂರವೊಂದೇ ಈ ಅಂತರವನ್ನು ವಿವರಿಸಲಾರದು ಎಂಬಷ್ಟನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ.

2016ರ ಆವೃತ್ತಿಯಿಂದಾಚೆಗಿನ ಅಂಕಿಗಳನ್ನು ಹಳೆಯವುಗಳಿಗೆ ಪೋಣಿಸುವವರಿಗೂ ಒಂದು ಮಾತು. ಆಗ ಅಳತೆಯೇ ಬದಲಾಯಿತು: ಹೆಚ್ಚು ಪೂರೈಸುವ ದೇಶದಿಂದ ವಾಹನದ ಬಿಡಿಭಾಗ ತರಿಸುವ ಖರ್ಚು ಎಣಿಕೆಗೆ ಬಂತು. ನೇಪಾಳದ ಮಟ್ಟಿಗೆ ಆ ದೇಶ ಭಾರತ. ಹೀಗೆ ಕೋಲ್ಕತಾದ ಹಡಗುಕಟ್ಟೆಯೇ ಲೆಕ್ಕದಿಂದ ಜಾರಿಹೋಯಿತು. ಎರಡೂ ಸರಣಿಗಳನ್ನು ಒಂದೇ ಗೆರೆಯಲ್ಲಿ ಎಳೆಯುವುದು ತಪ್ಪು. 2021ರಲ್ಲಿ ವರದಿಯೇ ನಿಂತಿತು.

ತುಂಬಿದ ಪೆಟ್ಟಿಗೆ ಬಂದರು ಬಿಟ್ಟ ಗಳಿಗೆ ಎಲೆಕ್ಟ್ರಾನಿಕ್ ಮುದ್ರೆಯ ದಾಖಲೆಯಲ್ಲಿದೆ. ಖಾಲಿ ಪೆಟ್ಟಿಗೆ ಮರಳಿದ ದಿನ ಹಡಗು ಕಂಪನಿಯ ಲೆಕ್ಕಪುಸ್ತಕದಲ್ಲಿದೆ. ಮೇಲಿನ ವಾದ ನಿಲ್ಲುವುದೋ ಬೀಳುವುದೋ ಈ ಎರಡನ್ನು ಜೋಡಿಸಿದಾಗ ತಿಳಿಯುತ್ತದೆ. ಎರಡೂ ದೇಶಗಳ ಕಸ್ಟಮ್ಸ್ ಇಲಾಖೆಗಳು ಅವನ್ನು ತರಿಸಿ, ಆಮದುದಾರರ ಹೆಸರು ತೆಗೆದು, ಸಂಶೋಧಕರಿಗೆ ಒದಗಿಸಬೇಕು.