ಎಷ್ಟು ಜನ ಸೇರಿದರೆ ಮಹಾನಗರ? ಮಲಪನಗುಡಿ ದಾರಿಯಲ್ಲೊಂದು ಲೆಕ್ಕ

"ಕ್ರಿ.ಶ. 1500ರಲ್ಲಿ ಜಗತ್ತಿನ ಎರಡನೇ ಅತಿ ದೊಡ್ಡ ನಗರ ನಮ್ಮ ವಿಜಯನಗರ, ಜನಸಂಖ್ಯೆ 5 ಲಕ್ಷ!" ಈ ಸಾಲು ನಿಮಗೂ ಬಂದಿರುತ್ತದೆ. ಮೊದಲು ಈಮೇಲ್‌ನಲ್ಲಿ ಬರುತ್ತಿತ್ತು, ಈಗ ವಾಟ್ಸಾಪ್‌ನಲ್ಲಿ ಬರುತ್ತದೆ. ನವೆಂಬರ್ ತಿಂಗಳಲ್ಲಂತೂ ಕೇಳಲೇಬೇಡಿ :-) ಓದಿದರೆ ಹೆಮ್ಮೆ ಆಗುತ್ತದೆ, ಇಲ್ಲ ಅನ್ನೋದಿಲ್ಲ. ಆದರೆ ಆಫೀಸಿನಲ್ಲಿ ಯಾರಾದರೂ ಒಂದು ಅಂಕಿ ಮುಂದಿಟ್ಟರೆ "ಇದು ಎಲ್ಲಿಂದ ಬಂತು?" ಅಂತ ಕೇಳಿ ಕೇಳಿ ಅದೇ ಅಭ್ಯಾಸವಾಗಿಬಿಟ್ಟಿದೆ. ನಮ್ಮ ದೇಶದಲ್ಲಿ ಮೊದಲ ಜನಗಣತಿ ನಡೆದದ್ದೇ 1872ರ ಸುಮಾರಿಗೆ. ಹಾಗಾದರೆ 1500ರಲ್ಲಿ ತಲೆ ಎಣಿಸಿದ ಪುಣ್ಯಾತ್ಮ ಯಾರು?

ಯಾರೂ ಎಣಿಸಲಿಲ್ಲ. ಟರ್ಟಿಯಸ್ ಚಾಂಡ್ಲರ್ ಅನ್ನುವ ಅಮೆರಿಕದ ಇತಿಹಾಸಕಾರ 1987ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಬೀಜಿಂಗ್ 6.72 ಲಕ್ಷ, ವಿಜಯನಗರ 5 ಲಕ್ಷ, ಆಮೇಲೆ ಕೈರೋ 4 ಲಕ್ಷ ಅಂತ ಇದೆ. ಎರಡೂವರೆ, ಮೂರು ಲಕ್ಷ ಅನ್ನುವ ವಿದ್ವಾಂಸರೂ ಇದ್ದಾರೆ. ಇವೆಲ್ಲ ಎಣಿಕೆಯಲ್ಲ, ಅಂದಾಜು.

ಅಂದಾಜು ಮಾಡೋದು ಹೇಗೆ ಅಂತ ನಾನೂ ಕೂತು ನೋಡಿದೆ. 1420ರ ಸುಮಾರಿಗೆ ಬಂದ ಇಟಲಿಯ ನಿಕೊಲೊ ಕಾಂಟಿ, ಊರಿನ ಸುತ್ತಳತೆ 60 ಮೈಲಿ, ಆಯುಧ ಹಿಡಿಯಬಲ್ಲ ಗಂಡಸರು 90,000 ಅಂತ ಹೇಳಿದ. ನಾಲ್ಕು ಜನರಿಗೆ ಒಬ್ಬ ಅಂಥ ಗಂಡಸು ಅಂದುಕೊಂಡರೆ 3.6 ಲಕ್ಷ ಜನ, ಐವರಿಗೆ ಒಬ್ಬ ಅಂದುಕೊಂಡರೆ 4.5 ಲಕ್ಷ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ ಬಂದ ಪೋರ್ಚುಗೀಸ್ ಡೊಮಿಂಗೊ ಪಾಯೆಸ್ ಒಂದು ಲಕ್ಷಕ್ಕೂ ಹೆಚ್ಚು ಮನೆಗಳಿವೆ ಎಂದು ಬರೆದ. ಮನೆಗೆ ಐದು ಜನ ಹಾಕಿ, 5 ಲಕ್ಷ ರೆಡಿ! ನಾಲ್ಕು ಹಾಕಿದರೆ ಒಂದು ಲಕ್ಷ ಜನ ಮಾಯ. ಅದೂ ಅಲ್ಲದೆ ಪಾಯೆಸ್ ಮಹಾನವಮಿ ಹಬ್ಬವನ್ನು ಕಣ್ಣಾರೆ ಕಂಡವನು. ಆ ದಿನಗಳಲ್ಲಿ ನಾಯಕರೆಲ್ಲ ತಂತಮ್ಮ ದಂಡು ಕಟ್ಟಿಕೊಂಡು ರಾಜಧಾನಿಗೆ ಬರುತ್ತಿದ್ದರು. ಹಬ್ಬಕ್ಕೆ ಬಂದವರನ್ನು ಊರಿನವರ ಲೆಕ್ಕಕ್ಕೆ ಸೇರಿಸಬೇಕೋ ಬೇಡವೋ?

ನನಗೆ ತುಂಬಾ ಇಷ್ಟವಾದದ್ದು ಪಾಯೆಸ್‌ನ ಇನ್ನೊಂದು ಮಾತು. ನಗರದ ಅಳತೆ ಬರೆಯಲು ಅವನಿಗೆ ಆಗಲಿಲ್ಲ. ಬೆಟ್ಟ ಹತ್ತಿ ನೋಡಿದ, ಅಲ್ಲಿಂದಲೂ ಪೂರ್ತಿ ಕಾಣಲಿಲ್ಲ, ಕಂಡಷ್ಟೇ ಭಾಗ ರೋಮ್‌ನಷ್ಟಿದೆ ಅಂದ. ಮತಂಗ ಬೆಟ್ಟ ಹತ್ತಿದವರಿಗೆ ಈ ಕಷ್ಟ ಅರ್ಥವಾಗುತ್ತದೆ. ಎತ್ತ ನೋಡಿದರೂ ಒಂದು ಬಂಡೆ ಗುಡ್ಡ ಅಡ್ಡ ಬರುತ್ತದೆ. ರೋಮ್ ಅಂದ ಕೂಡಲೇ ನಮಗೆ ಸೀಸರ್ ಕಾಲದ ನಗರ ನೆನಪಾಗುತ್ತದೆ. ಪಾಯೆಸ್ ಕಾಲದ ರೋಮ್ ಅದಲ್ಲ ಸ್ವಾಮಿ! 1526-27ರಲ್ಲಿ ರೋಮ್‌ನಲ್ಲಿ ನಿಜವಾಗಿಯೂ ಜನರನ್ನು ಎಣಿಸಿದ್ದರು. ಸಿಕ್ಕವರು ಸುಮಾರು 55,000. ಹಳೆಯ ಕೋಟೆಗೋಡೆಯ ಒಳಗೆ ಬಹುಪಾಲು ದ್ರಾಕ್ಷಿ ತೋಟ, ಪಾಳು ಜಾಗ.

ಈಗ ನಮ್ಮ ಕಾನೂನಿನ ಗೆರೆಗಳನ್ನು ನೋಡಿ. ಕರ್ನಾಟಕದಲ್ಲಿ ನಗರಸಭೆಗೆ 50,000, ಮಹಾನಗರ ಪಾಲಿಕೆಗೆ 1976ರ ಕಾಯ್ದೆಯ ಪ್ರಕಾರ 3 ಲಕ್ಷ ಜನ ಬೇಕು. ಅಂದರೆ 1526ರ ರೋಮ್ ಕಷ್ಟಪಟ್ಟು ನಗರಸಭೆ! ಎರಡೂವರೆ ಲಕ್ಷ ಅನ್ನುವವರ ಲೆಕ್ಕ ಒಪ್ಪಿದರೆ ವಿಜಯನಗರ ಮಹಾನಗರವೇ ಅಲ್ಲ. ಜನಗಣತಿಯವರ 10 ಲಕ್ಷದ ಗೆರೆ ಹಿಡಿದರೆ 2011ರಲ್ಲಿ ಮೈಸೂರು, ಹುಬ್ಬಳ್ಳಿ-ಧಾರವಾಡವೂ ಔಟ್. ಅತ್ತ ಡೆನ್ಮಾರ್ಕ್‌ನಲ್ಲಿ 200 ಜನ ಒತ್ತಾಗಿ ವಾಸವಿದ್ದರೂ ಅದನ್ನು ಪಟ್ಟಣದ ಲೆಕ್ಕಕ್ಕೆ ಹಿಡಿಯುತ್ತಾರೆ. ಸಂಖ್ಯೆ ಆಡಳಿತಕ್ಕೆ ಬೇಕು, ತೆರಿಗೆ ಹಾಕಲು, ವಾರ್ಡ್ ಮಾಡಲು. ಇತಿಹಾಸದಲ್ಲಿ ಒಂದು ಊರು ದೊಡ್ಡದೋ ಅಲ್ಲವೋ ಅಂತ ತಿಳಿಯಲು ಅದರ ಹೊರಗಡೆ ನೋಡಬೇಕು ಅನ್ನಿಸುತ್ತದೆ ನನಗೆ.

ಅದಕ್ಕೇ ಮಲಪನಗುಡಿ. ಹೊಸಪೇಟೆಯಿಂದ ಕಮಲಾಪುರಕ್ಕೆ ಹೋಗುವ ರಸ್ತೆಯಲ್ಲಿ ಸಿಗುವ, ಗ್ರಾಮ ಪಂಚಾಯಿತಿ ಇರುವ ಊರು. ಹಂಪಿಗೆ ಹೋಗುವವರು ಕಿಟಕಿಯಲ್ಲಿ ನೋಡಿ ಮುಂದೆ ಹೋಗಿಬಿಡುತ್ತಾರೆ. ಇಲ್ಲಿ ಮಲ್ಲಿಕಾರ್ಜುನನ ಹಳೆಯ ಗುಡಿ ಇದೆ, ಸೂಳೆಬಾವಿ ಅನ್ನುವ ವಿಜಯನಗರ ಕಾಲದ ದೊಡ್ಡ ಕಲ್ಲುಬಾವಿ ಇದೆ. ಇಲ್ಲಿಂದ ಹೊಸಪೇಟೆ ಕಡೆಗೆ ಹೋದರೆ ಅನಂತಶಯನಗುಡಿ. ಹೊಸಪೇಟೆಯೋ, ನಾಗಲಾಪುರ ಅಂತ ಕೃಷ್ಣದೇವರಾಯ ಕಟ್ಟಿಸಿದ ಬಡಾವಣೆ. ಅಲ್ಲಿಂದ ರಾಜಧಾನಿವರೆಗೆ ಒಂದು ಲೀಗ್, ಅಂದರೆ ಐದಾರು ಕಿಲೋಮೀಟರ್ ಉದ್ದಕ್ಕೂ ಅಗಲವಾದ ಬೀದಿ, ಎರಡೂ ಬದಿ ಮನೆ ಅಂಗಡಿಗಳ ಸಾಲು, ನೆರಳಿಗೆ ರಾಜ ನೆಡಿಸಿದ ಮರಗಳು ಅಂತ ಪಾಯೆಸ್ ಬರೆದಿದ್ದಾನೆ. ಒಂದು ಊರು ಮುಗಿದು ಇನ್ನೊಂದು ಶುರುವಾಗುವುದೇ ಗೊತ್ತಾಗದ ಹಾಗೆ. ಬೆಂಗಳೂರಿನಲ್ಲಿ ಹೊಸೂರು ರಸ್ತೆ ಹಿಡಿದು ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ (ಮರಗಳೊಂದು ಬಿಟ್ಟು!).

ಇಷ್ಟು ಜನರಿಗೆ ನೀರು, ಅನ್ನ? 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಏಳು ಸುತ್ತಿನ ಕೋಟೆ ಕಂಡ. ಹೊರಗಿನ ಸುತ್ತುಗಳ ನಡುವೆ ಹೊಲ, ತೋಟ, ಮನೆ ಎಲ್ಲ ಇದ್ದವು. ತುಂಗಭದ್ರೆಗೆ ಅಣೆಕಟ್ಟು ಹಾಕಿ ಕಾಲುವೆ ಎಳೆದಿದ್ದರು. ತುರ್ತಾ ಕಾಲುವೆ ನಗರದ ನಡುವಿನ ಕಣಿವೆಯಲ್ಲೇ ಹರಿಯುತ್ತದೆ. ಅದರ ನೀರಲ್ಲಿ ಈಗಲೂ ಬೆಳೆ ಬೆಳೆಯುತ್ತಾರೆ. ಹೊಸಪೇಟೆಯ ಹತ್ತಿರ ರಾಯ ದೊಡ್ಡ ಕೆರೆ ಕಟ್ಟಿಸುವಾಗ ಹದಿನೈದಿಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಕೆಲಸ ಮಾಡುತ್ತಿದ್ದರು, ನೆಲವೇ ಕಾಣುತ್ತಿರಲಿಲ್ಲ ಅಂತಾನೆ ಪಾಯೆಸ್. ಕೆರೆ ಏರಿ ಎರಡು ಮೂರು ಸಲ ಒಡೆದೂ ಹೋಗಿತ್ತಂತೆ. ಒಂದೇ ಕೆರೆಯ ಮೇಲೆ ಅಷ್ಟು ಕೂಲಿಯಾಳುಗಳನ್ನು ನಿಲ್ಲಿಸಬಲ್ಲ ಊರಿಗೆ ಮಹಾನಗರ ಅನ್ನಲು ನನಗೆ ಚಾಂಡ್ಲರ್ ಪಟ್ಟಿ ಬೇಕಿಲ್ಲ. ಅವನ ಎರಡನೇ ರ‍್ಯಾಂಕ್ ನಾಳೆ ಹತ್ತನೆಯದಾದರೂ ಈ ಕಾಲುವೆ ಎಲ್ಲಿಗೂ ಹೋಗುವುದಿಲ್ಲ.

1565ರಲ್ಲಿ ರಕ್ಕಸಗಿ-ತಂಗಡಗಿ ಯುದ್ಧವಾಯಿತು. ಎರಡು ವರ್ಷದ ನಂತರ, 1567ರಲ್ಲಿ ಬಂದ ವೆನಿಸ್‌ನ ವ್ಯಾಪಾರಿ ಸೀಸರ್ ಫೆಡರೀಚಿ ಇಲ್ಲಿ ಏಳು ತಿಂಗಳು ಇದ್ದ. ಅವನ ಪ್ರಕಾರ ಸುತ್ತಳತೆ 24 ಮೈಲಿ. ಕಾಂಟಿಯ 60 ಎಲ್ಲಿ, ಇದೆಲ್ಲಿ! ಮನೆಗಳು ಇನ್ನೂ ನಿಂತಿದ್ದವು, ಒಳಗೆ ಜನ ಇರಲಿಲ್ಲ, ಹುಲಿಗಳಿವೆ ಅಂತ ಕೇಳಿದೆ ಅಂತ ಬರೆದಿದ್ದಾನೆ.

ಉಳಿದದ್ದು ಬಡಾವಣೆಗಳು. ಅಂದಿನ ನಾಗಲಾಪುರ, ಇಂದಿನ ಹೊಸಪೇಟೆಯಲ್ಲಿ 2011ರ ಗಣತಿಗೆ 2,06,167 ಜನ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಅದೇ ಜಿಲ್ಲಾ ಕೇಂದ್ರವೂ ಆಯಿತು. ಮುಂದಿನ ಸಲ ಹಂಪಿಗೆ ಹೋಗುವಾಗ ಕಡ್ಡಿರಾಂಪುರದ ರಸ್ತೆ ಬಿಟ್ಟು ಕಮಲಾಪುರದ ಕಡೆಯಿಂದ ಹೋಗಿ, ಮಲಪನಗುಡಿಯಲ್ಲಿ ಹತ್ತು ನಿಮಿಷ ಇಳಿದು ಆ ಬಾವಿ ನೋಡಿಕೊಂಡು ಬನ್ನಿ.