ಬುತ್ತಿ ಡಬ್ಬಿಯ ಲಿಪಿ

ಮನೆಯ ಊಟವನ್ನು ಕಚೇರಿಗೆ ಮುಟ್ಟಿಸುವ ಮುಂಬೈಯ ಡಬ್ಬಾವಾಲಾಗಳು ಡಬ್ಬಿಯ ಮುಚ್ಚಳದ ಮೇಲೆ ಬಣ್ಣದಲ್ಲಿ ಬರೆಯುವ ಗುರುತನ್ನು ಒಂದು ಪುಟ್ಟ ಲಿಪಿ ಎಂದೇ ಕರೆಯಬೇಕು. ಅದರಲ್ಲಿ ಉಣ್ಣುವವರ ಹೆಸರಿಲ್ಲ. ಹಾಗಿದ್ದೂ ಅಷ್ಟು ದೊಡ್ಡ ನಗರದಲ್ಲಿ ಆ ಬುತ್ತಿ ಸೇರಬೇಕಾದ ಒಬ್ಬರ ಮೇಜಿಗೇ ಹೋಗಿ ಸೇರುತ್ತದೆ.

ಈ ಕಸುಬನ್ನು 1890ರಲ್ಲಿ ಮಹಾದೇವ ಹಾವಜಿ ಬಚ್ಚೆ ಅವರು ಸುಮಾರು 100 ಆಳುಗಳನ್ನು ಕಟ್ಟಿಕೊಂಡು ಆರಂಭಿಸಿದರು. ಇದಕ್ಕೆ ಸೇರಿದವರು ಹೆಚ್ಚಾಗಿ ಪುಣೆ ಜಿಲ್ಲೆಯ ಜುನ್ನರ, ಅಂಬೇಗಾಂವ, ಮಾವಳ, ಮುಳಶಿ ಕಡೆಯ ರೈತಾಪಿ ಜನ. ಅವರಲ್ಲಿ ಅನೇಕರಿಗೆ ಓದುಬರಹ ಬರುತ್ತಿರಲಿಲ್ಲ. ವಿಳಾಸದ ಚೀಟಿ ಅಂಟಿಸಿ ಉಪಯೋಗವಿರಲಿಲ್ಲ. ಅದಕ್ಕೆಂದೇ ಮೊದಲು ಡಬ್ಬಿಗೆ ಬಣ್ಣದ ದಾರ, ಬಟ್ಟೆಯ ಚೂರು ಕಟ್ಟುತ್ತಿದ್ದರು. ಬಣ್ಣ ಬಳಿದ ಗುರುತು, ಅಕ್ಷರ, ಅಂಕಿ ಬಂದದ್ದು ಆಮೇಲೆ. 1956ರಲ್ಲಿ ಅವರ ಟ್ರಸ್ಟ್ ನೋಂದಣಿಯಾಯಿತು. ಇತ್ತೀಚಿನ ದಶಕಗಳಲ್ಲಿ ಸುಮಾರು 5,000 ಮಂದಿ ದಿನಕ್ಕೆ 2 ಲಕ್ಷದಷ್ಟು ಡಬ್ಬಿ ಸಾಗಿಸುತ್ತಿದ್ದರು.

ಒಂದು ಮುಚ್ಚಳವನ್ನು ಓದಿ ನೋಡಬಹುದು. 'ವಿಎಲ್‌ಪಿ' ಎಂದರೆ ಡಬ್ಬಿ ಹೊರಟ ವಿಲೆಪಾರ್ಲೆ. 'ಇ' ಅಲ್ಲಿ ಮನೆಯಿಂದ ಅದನ್ನು ಎತ್ತಿಕೊಂಡವನ ಗುರುತು. '3' ರೈಲಿನಿಂದ ಇಳಿಯುವ ಕಡೆ. '9' ಅಲ್ಲಿ ಹಂಚುವವನು, 'ಇಎಕ್ಸ್' ನರಿಮನ್ ಪಾಯಿಂಟಿನ ಎಕ್ಸ್‌ಪ್ರೆಸ್ ಟವರ್ಸ್, '12' ಮಹಡಿ. ಈ ಲಿಪಿಯ ಜಾಣ್ಮೆ ಇರುವುದೇ ಇಲ್ಲಿ: ಇಡೀ ಸಾಲನ್ನು ಯಾರೂ ಓದಬೇಕಿಲ್ಲ. ಸ್ಟೇಷನ್ನಿನಲ್ಲಿ ಡಬ್ಬಿ ವಿಂಗಡಿಸುವವನಿಗೆ '3' ಕಂಡರೆ ಸಾಕು, ಕಟ್ಟಡ ಯಾವುದೆಂಬುದು ಅವನಿಗೆ ಬೇಡ.

ಮೆಕ್ಸಿಕೊದ ನಹುವಾ ಜನರ ಚಿತ್ರಲಿಪಿ ಇದಕ್ಕೆ ತದ್ವಿರುದ್ಧ. ಅಲ್ಲಿ ಬರೆಯುತ್ತಿದ್ದುದು ಹೆಸರನ್ನೇ. ಅರಸ ಇಟ್ಸ್‌ಕೋವಾಟ್ಲ್ ಎನ್ನಲು ಹಾವಿನ ಬೆನ್ನ ಮೇಲೆ ಕಪ್ಪು ಗಾಜುಗಲ್ಲಿನ ಅಲಗುಗಳನ್ನು ಬಿಡಿಸುತ್ತಿದ್ದರು; 'ಇಟ್ಸ್‌ಟ್ಲಿ' ಆ ಕಲ್ಲು, 'ಕೋವಾಟ್ಲ್' ಹಾವು. ಅರಸ ಎಲ್ಲಿ ಕುಳಿತರೂ ಆ ಚಿತ್ರ ಅವನದೇ. ಡಬ್ಬಿಯ ಗುರುತಾದರೋ ಮನುಷ್ಯನನ್ನು ಅವನ ಮನೆ ಮತ್ತು ಕಚೇರಿಯ ನಡುವಿನ ದಾರಿಯಿಂದ ಗುರುತಿಸುತ್ತದೆ.

ಊಟ ಮುಗಿದ ಮೇಲೆ ಖಾಲಿ ಡಬ್ಬಿ ಅದೇ ಗುರುತಿನ ಮೇಲೆ ಹಿಂದಿರುಗುತ್ತದೆ. ಈಗ ಓದುವ ಕ್ರಮ ತಲೆಕೆಳಗು. ಬೆಳಿಗ್ಗೆ ಯಾರೂ ಗಮನಿಸದಿದ್ದ 'ವಿಎಲ್‌ಪಿ'ಯೇ ಮುಖ್ಯ. ಉಣ್ಣುವವರು ಕೆಲಸ ಬದಲಿಸಿದರೆ ಹಳೆಯ ಬಣ್ಣ ಅಳಿಸಿ ಹೊಸ ಕಟ್ಟಡ, ಹೊಸ ಮಹಡಿ ಬರೆಯುತ್ತಾರೆ.