ಋತುಬಂಧ ಮತ್ತು ಬಾಯಿಯ ಆರೋಗ್ಯ: ಹಳೆಯ ಬೆಂಗಳೂರನ್ನು ಮುಂದಿಟ್ಟು ಒಂದು ವಿವೇಚನೆ

ಚಾಮರಾಜಪೇಟೆಗೆ ಹೊಂದಿಕೊಂಡ ಕೋಟೆ ಪ್ರದೇಶದಲ್ಲಿ, 1935ರ ವಾಣಿವಿಲಾಸ ಮಹಿಳಾ ಆಸ್ಪತ್ರೆಯೂ 1958ರ ಸರ್ಕಾರಿ ದಂತ ವೈದ್ಯಕೀಯ ಕಾಲೇಜೂ ಕಾಲ್ನಡಿಗೆಯ ದೂರದಲ್ಲಿವೆ. ವೈದ್ಯಶಾಸ್ತ್ರದ ವಿಂಗಡಣೆಯಲ್ಲಿ ಮಾತ್ರ ಗರ್ಭಕೋಶಕ್ಕೂ ಬಾಯಿಗೂ ಬಹುದೂರ. ಮುಟ್ಟು ನಿಂತ ಹೆಂಗಸು ವಸಡಿನ ರಕ್ತಸ್ರಾವವನ್ನೋ ಬಾಯಿ ಒಣಗುವುದನ್ನೋ ಹೇಳಿಕೊಂಡರೆ 'ವಯಸ್ಸಾಯಿತಲ್ಲ' ಎಂಬ ಉತ್ತರ ಸಿದ್ಧವಾಗಿರುತ್ತದೆ. ಭಾರತೀಯ ಮಹಿಳೆಯರಲ್ಲಿ ಋತುಬಂಧದ ಸರಾಸರಿ ವಯಸ್ಸು ಸುಮಾರು 46, ಅದು ಮುಪ್ಪಲ್ಲ. ಋತುಬಂಧವು ಬಾಯಿಯ ರೋಗಗಳಿಗೆ ಏಕೈಕ ಕಾರಣವಲ್ಲ, ಆದರೆ ಬಾಯಿಯನ್ನು ತಪ್ಪದೆ ಪರೀಕ್ಷಿಸಬೇಕಾದ ಘಟ್ಟ ಎಂಬುದು ಇಲ್ಲಿನ ವಾದ.

ವಸಡು, ಬಾಯಿಯ ಒಳಪೊರೆ, ಜೊಲ್ಲುಗ್ರಂಥಿ, ದವಡೆಯ ಮೂಳೆ ಇವೆಲ್ಲದರಲ್ಲೂ ಈಸ್ಟ್ರೋಜನ್ ಗ್ರಾಹಕಗಳಿವೆ. ಆ ಹಾರ್ಮೋನು ಇಳಿದಾಗ ಮೂಳೆ ಕಟ್ಟುವುದಕ್ಕಿಂತ ಕರಗುವುದು ಹೆಚ್ಚುತ್ತದೆ. ಹಲ್ಲಿಗೆ ಆಸರೆಯಾದ ಮೂಳೆಯೂ ಇದಕ್ಕೆ ಹೊರತಲ್ಲ. ಜೊಲ್ಲು ಕಡಿಮೆಯಾದರೆ ಆಮ್ಲವನ್ನು ತೊಳೆಯುವುದಕ್ಕೆ ಏನೂ ಇಲ್ಲದೆ ಹುಳುಕು ಹಲ್ಲಿನ ಬೇರಿಗಿಳಿಯುತ್ತದೆ. ಆದರೆ ವಸಡಿನ ರೋಗದ ಮೂಲ ಹಲ್ಲಿನ ಮೇಲಿನ ಪಾಚಿಯಲ್ಲಿರುವ ಬ್ಯಾಕ್ಟೀರಿಯಾವೇ. ಹಾರ್ಮೋನಿನ ಕೊರತೆ ಅದನ್ನು ತಡೆದುಕೊಳ್ಳುವ ಶಕ್ತಿಯನ್ನು ಕುಗ್ಗಿಸುತ್ತದೆ, ಅಷ್ಟೆ.

ಇಲ್ಲೊಂದು ಆಕ್ಷೇಪ ಏಳುತ್ತದೆ: ಸಕ್ಕರೆ ಕಾಯಿಲೆ, ಎಲೆಯಡಿಕೆ, ಹೊಗೆಸೊಪ್ಪು, ಪೌಷ್ಟಿಕಾಂಶದ ಕೊರತೆಗಳೂ ಇದೇ ಲಕ್ಷಣಗಳನ್ನು ತೋರಿಸುವುದಿಲ್ಲವೆ? ತೋರಿಸುತ್ತವೆ. ಸಾರಿನ ಖಾರ ತಾಗಿದೊಡನೆ ಬಾಯಿ ಉರಿದರೆ ಅದು ಅಡಿಕೆಯಿಂದ ಬಾಯಿಯ ಒಳಪದರ ಬಿಗಿಯುವ ರೋಗವಿರಬಹುದು. ಹೊಗೆಸೊಪ್ಪಿಲ್ಲದ ಎಲೆಯಡಿಕೆಯನ್ನೂ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಕ್ಯಾನ್ಸರ್‌ಕಾರಕವೆಂದು ಗುರುತಿಸಿದೆ. ಬಸವನಗುಡಿ, ಮಲ್ಲೇಶ್ವರಗಳ ಸಸ್ಯಾಹಾರಿ ಮನೆಗಳಲ್ಲಿ ಬಿ12 ಕೊರತೆಯನ್ನೂ ಶಂಕಿಸಬೇಕು. ಇವೆಲ್ಲ ಇಲ್ಲವೆಂದು ಖಚಿತವಾದ ಮೇಲಷ್ಟೇ ಅದನ್ನು ಋತುಬಂಧದ ಬಾಯಿ ಉರಿ ಎನ್ನಬಹುದು. ಆದ್ದರಿಂದ ಈ ಆಕ್ಷೇಪ ವಾದವನ್ನು ಕೆಡಿಸುವುದಿಲ್ಲ. ಪರೀಕ್ಷೆ ಏಕೆ ಬೇಕೆಂಬುದಕ್ಕೆ ಅದೇ ಸಮರ್ಥನೆ.

ಹಾಗೆಂದು ಹಲ್ಲಿಗಾಗಿಯೇ ಹಾರ್ಮೋನು ಚಿಕಿತ್ಸೆ ಕೊಡುವುದು ಸರಿಯಲ್ಲ; ಅದಕ್ಕೆ ತನ್ನದೇ ಅಪಾಯಗಳಿವೆ. ಆದರೆ ಮೂಳೆ ಸವೆತಕ್ಕೆ ಬಿಸ್ಫಾಸ್ಫೊನೇಟ್ ಬರೆಯುವ ವೈದ್ಯರು ಮೊದಲು ಹಲ್ಲನ್ನು ತೋರಿಸಿಕೊಳ್ಳಲು ಹೇಳಲೇಬೇಕು. ಆ ಔಷಧ ತೆಗೆದುಕೊಳ್ಳುವಾಗ ಹಲ್ಲು ಕೀಳಿಸಿದರೆ, ಅಪರೂಪಕ್ಕಾದರೂ, ದವಡೆಯ ಮೂಳೆ ಸಾಯುವುದುಂಟು. ಸ್ತ್ರೀರೋಗ ವಿಭಾಗದ ಚೀಟಿಯಲ್ಲಿ 'ಬಾಯಿ ಪರೀಕ್ಷೆ ಆಗಿದೆಯೆ?' ಎಂಬ ಒಂದು ಸಾಲು ಸೇರಲಿ. ಅದಕ್ಕೆ ಹೊಸ ಕಟ್ಟಡವೇನೂ ಬೇಕಿಲ್ಲ.